ಮುಟ್ಟಿನ ನೋವಿಗೆ ಹಾರ್ಮೋನು ಚಿಕಿತ್ಸೆ: ಮಗು ಬಯಸುವ ದಂಪತಿಗಳಿಗೆ ಒಂದು ವಿವರಣೆ



ಕೆಲವು ವಾರಗಳ ಹಿಂದೆ ಬಂಗಾರಪೇಟೆಯಿಂದ ನಮಗೊಂದು ಪತ್ರ ಬಂತು. ಬರೆದವರು ನಮ್ಮ ಕರಾವಳಿಯ ಒಂದು ಧರ್ಮಕೇಂದ್ರದಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ಕೋಲಾರ ಚಿನ್ನದ ಗಣಿ ಪ್ರದೇಶದ ಕುಟುಂಬಕ್ಕೆ ಸೇರಿದ ಸಹೋದರಿ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಟ್ಟು, ಅವರ ಒಪ್ಪಿಗೆಯಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ಮದುವೆಯಾಗಿ ನಾಲ್ಕು ವರ್ಷವಾಯಿತು, ಮಕ್ಕಳಾಗಿಲ್ಲ. ಪ್ರತಿ ತಿಂಗಳು ಮೂರು ನಾಲ್ಕು ದಿನ ಎದ್ದು ನಿಲ್ಲಲಾಗದಷ್ಟು ಹೊಟ್ಟೆನೋವು. ಆದರೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಲೇಬೇಕು. ವೈದ್ಯರು ಪರೀಕ್ಷಿಸಿ, ಸ್ಕ್ಯಾನ್ ಮಾಡಿಸಿ, ಇದು ಎಂಡೊಮೆಟ್ರಿಯೋಸಿಸ್ ಎಂದರು. ಆರು ತಿಂಗಳು ಹಾರ್ಮೋನು ಮಾತ್ರೆ ತೆಗೆದುಕೊಳ್ಳಿ, ಆಮೇಲೆ ಮಗುವಿನ ಚಿಕಿತ್ಸೆಯ ಬಗ್ಗೆ ಯೋಚಿಸೋಣ ಎಂದು ಚೀಟಿ ಬರೆದುಕೊಟ್ಟರು. ಆ ಮಾತ್ರೆಯಿಂದ ಮುಟ್ಟು ನಿಲ್ಲುತ್ತದೆ ಎಂದು ತಿಳಿದಾಗ ಮನೆಯಲ್ಲಿ ಗಲಿಬಿಲಿ ಶುರುವಾಯಿತು. ಮಗು ಬೇಕೆನ್ನುವವಳು ಮುಟ್ಟು ನಿಲ್ಲಿಸಿಕೊಳ್ಳುವುದು ಯಾಕೆ ಎಂದು ಅತ್ತೆ ಕೇಳಿದರು. ಇದು ಕುಟುಂಬ ಯೋಜನೆಯ ಮಾತ್ರೆ, ಇದನ್ನು ನುಂಗಿದರೆ ಪರಮಪ್ರಸಾದ ಸ್ವೀಕರಿಸುವಂತಿಲ್ಲ ಎಂದು ಪ್ರಾರ್ಥನಾ ಕೂಟದ ಹಿರಿಯರೊಬ್ಬರು ಹೇಳಿದರು. ಮಾತ್ರೆಯ ಪೊಟ್ಟಣ ಎರಡು ತಿಂಗಳಿಂದ ಬೀರುವಿನಲ್ಲಿ ಬಿಚ್ಚದೆ ಕುಳಿತಿದೆ. ನೋವು ಮಾತ್ರ ತಿಂಗಳು ತಪ್ಪದೆ ಬರುತ್ತಿದೆ.

ಆ ಸಹೋದರಿ ಮೂರು ಪ್ರಶ್ನೆ ಕೇಳಿದ್ದಾರೆ. ಈ ಮಾತ್ರೆಯಿಂದ ನನ್ನ ಕಾಯಿಲೆಗೆ ಏನು ಪ್ರಯೋಜನ? ಇದರಿಂದ ಮಗುವಾಗುವ ಅವಕಾಶ ಹೆಚ್ಚುತ್ತದೆಯೇ, ಹಾಳಾಗುತ್ತದೆಯೇ? ಇದನ್ನು ತೆಗೆದುಕೊಳ್ಳುವುದು ಪಾಪವೇ? ಇದೇ ಪ್ರಶ್ನೆಗಳನ್ನು ಪಾಪನಿವೇದನೆಯ ಪೀಠದಲ್ಲೂ ವಿವಾಹಪೂರ್ವ ತರಬೇತಿ ಶಿಬಿರಗಳಲ್ಲೂ ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದೇನೆ. ಆದ್ದರಿಂದ ಸ್ತ್ರೀರೋಗ ತಜ್ಞರ ಬಳಿ ವಿಚಾರಿಸಿ, ಧರ್ಮಸಭೆಯ ಬೋಧನೆಯನ್ನು ಮತ್ತೊಮ್ಮೆ ಓದಿ ಈ ಲೇಖನ ಸಿದ್ಧಪಡಿಸಿದ್ದೇನೆ. ಇದು ವೈದ್ಯರ ಸಲಹೆಗೆ ಬದಲಿ ಅಲ್ಲ. ವೈದ್ಯರ ಮುಂದೆ ಕುಳಿತಾಗ ಏನು ಕೇಳಬೇಕು ಎಂಬುದು ತಿಳಿದಿರಲಿ ಎಂಬುದಷ್ಟೇ ಉದ್ದೇಶ.

ಗಣಿ ಊರಿನ ಪರಿಸ್ಥಿತಿ

ಕರಾವಳಿಯ ನಮ್ಮ ಓದುಗರಿಗೆ ಆ ಊರಿನ ಪರಿಚಯ ಸ್ವಲ್ಪ ಬೇಕು. ಕೋಲಾರದ ಚಿನ್ನದ ಗಣಿಗಳಲ್ಲಿ 1880ರಿಂದ ಜಾನ್ ಟೇಲರ್ ಕಂಪೆನಿ ಕೆಲಸ ನಡೆಸಿತು. ಸ್ವಾತಂತ್ರ್ಯಾನಂತರ ಗಣಿಗಳು ಸರ್ಕಾರದ ವಶಕ್ಕೆ ಬಂದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಣಿ ನಡೆಯುತ್ತಿದ್ದಾಗ ಚಾಂಪಿಯನ್ ರೀಫ್ಸ್‌ನಲ್ಲಿ ಕಾರ್ಮಿಕರಿಗೂ ಅವರ ಕುಟುಂಬಕ್ಕೂ ಗಣಿಯದೇ ಆಸ್ಪತ್ರೆ ಇತ್ತು. ಗಣಿಯ ಜೊತೆಗೆ ಆ ಆಸರೆಯೂ ಹೋಯಿತು. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಸಾವಿರಾರು ಜನ ಬೆಳಗ್ಗೆ ರೈಲು ಹತ್ತಿ, ಬಂಗಾರಪೇಟೆ ಜಂಕ್ಷನ್ ಮೂಲಕ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆ ಸೇರುತ್ತಾರೆ. ಅವರಲ್ಲಿ ಹೆಣ್ಣುಮಕ್ಕಳೂ ಬಹಳ ಮಂದಿ.

ಇಂತಹ ಬದುಕಿನಲ್ಲಿ ತಿಂಗಳಿಗೆ ಮೂರು ದಿನ ಮಲಗುವುದೆಂದರೆ ಮೂರು ದಿನದ ಸಂಬಳ ಕಳೆದುಕೊಳ್ಳುವುದು. ತಿಂಗಳಿಗೆ ಒಂದು ದಿನದಂತೆ ವರ್ಷಕ್ಕೆ 12 ದಿನ ವೇತನ ಸಹಿತ ಮುಟ್ಟಿನ ರಜೆ ನೀಡುವ ನೀತಿಗೆ ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ನೀಡಿತು. ಅದನ್ನು ಪ್ರಶ್ನಿಸಿ ಕೆಲವರು ಹೈಕೋರ್ಟಿಗೂ ಹೋದರು. ರಜೆಯಿಂದ ವಿಶ್ರಾಂತಿ ಸಿಗಬಹುದು. ಆದರೆ ನೋವಿಗೆ ಕಾರಣವೊಂದಿದ್ದರೆ ಅದಕ್ಕೆ ಚಿಕಿತ್ಸೆಯೂ ಬೇಕು.

ಎಂಡೊಮೆಟ್ರಿಯೋಸಿಸ್ ಎಂದರೇನು?

ಗರ್ಭಕೋಶದ ಒಳಗೆ ಒಂದು ತೆಳುವಾದ ಪದರ ಇರುತ್ತದೆ. ಪ್ರತಿ ತಿಂಗಳು ಅದು ದಪ್ಪವಾಗಿ, ಗರ್ಭ ನಿಲ್ಲದಿದ್ದರೆ ರಕ್ತದ ಜೊತೆ ಹೊರಗೆ ಹೋಗುತ್ತದೆ. ಅದೇ ಮುಟ್ಟು. ಕೆಲವು ಮಹಿಳೆಯರಲ್ಲಿ ಇದೇ ಬಗೆಯ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಗರ್ಭನಾಳದ ಸುತ್ತ, ಕೆಲವೊಮ್ಮೆ ಕರುಳು ಮತ್ತು ಮೂತ್ರಕೋಶದ ಮೇಲೂ ಬೆಳೆಯುತ್ತದೆ. ತಿಂಗಳ ಹಾರ್ಮೋನು ಏರಿಳಿತಕ್ಕೆ ಅದೂ ಸ್ಪಂದಿಸುತ್ತದೆ. ಆದರೆ ಅಲ್ಲಿನ ರಕ್ತಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಸುತ್ತಲೂ ಉರಿಯೂತವಾಗುತ್ತದೆ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿ ಗಡ್ಡೆಯಾದರೆ ಅದನ್ನು ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನ ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 10ರಷ್ಟು ಮಂದಿಗೆ, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಜನರಿಗೆ ಈ ಕಾಯಿಲೆ ಇದೆ. ಇದು ಅಂಟು ರೋಗವಲ್ಲ. ಯಾರ ತಪ್ಪಿನ ಫಲವೂ ಅಲ್ಲ. ಇದು ಏಕೆ ಬರುತ್ತದೆ ಎಂಬುದು ವಿಜ್ಞಾನಕ್ಕೆ ಇನ್ನೂ ಪೂರ್ತಿ ತಿಳಿದಿಲ್ಲ.

ಮುಟ್ಟಿನ ಮೊದಲ ದಿನ ಸ್ವಲ್ಪ ನೋವು ಅನೇಕರಿಗೆ ಸಾಮಾನ್ಯ. ಆದರೆ ನೋವು ಶಾಲೆ, ಕೆಲಸ ತಪ್ಪಿಸುವಷ್ಟು ಇದ್ದರೆ, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ, ಮುಟ್ಟಿನ ದಿನಗಳಲ್ಲಿ ಮಲಮೂತ್ರ ವಿಸರ್ಜಿಸುವಾಗ ನೋವಾಗುತ್ತಿದ್ದರೆ, ದಾಂಪತ್ಯ ಸಂಬಂಧದ ವೇಳೆ ಆಳವಾದ ನೋವಿದ್ದರೆ ಅದು ಸಾಮಾನ್ಯವಲ್ಲ. "ಎಲ್ಲ ಹೆಂಗಸರಿಗೂ ಇರುವುದೇ, ಸಹಿಸಿಕೋ" ಎಂಬ ಮಾತಿನಿಂದಾಗಿ ಎಷ್ಟೋ ವರ್ಷ ವ್ಯರ್ಥವಾಗುತ್ತದೆ. ಮೊದಲ ಲಕ್ಷಣ ಕಂಡು ರೋಗ ಪತ್ತೆಯಾಗಲು 4ರಿಂದ 12 ವರ್ಷ ಹಿಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. "ಮದುವೆಯಾದರೆ, ಒಂದು ಮಗುವಾದರೆ ಸರಿಹೋಗುತ್ತದೆ" ಎಂಬುದು ಇನ್ನೊಂದು ಮಾತು. ಗರ್ಭಧಾರಣೆಯನ್ನು ಈ ರೋಗದ ಚಿಕಿತ್ಸೆಯೆಂದು ಸೂಚಿಸಬಾರದು ಎಂದು ಯುರೋಪಿನ ತಜ್ಞ ವೈದ್ಯರ ಸಂಘ 2022ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

ಹಿಂದೆ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ದುರ್ಬೀನಿನಿಂದ ನೋಡುವ ಲ್ಯಾಪರೋಸ್ಕೋಪಿ ಮಾಡಿದರೆ ಮಾತ್ರ ರೋಗ ಖಚಿತ ಎನ್ನುತ್ತಿದ್ದರು. ಈಗ ರೋಗಿಯ ಮಾತು, ಪರೀಕ್ಷೆ, ಸ್ಕ್ಯಾನ್ ಅಥವಾ ಎಂಆರ್‌ಐ ಆಧಾರದ ಮೇಲೂ ಚಿಕಿತ್ಸೆ ಆರಂಭಿಸುತ್ತಾರೆ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಎಂದ ಮಾತ್ರಕ್ಕೆ ರೋಗ ಇಲ್ಲ ಎಂದು ಅರ್ಥವಲ್ಲ. ನಮ್ಮ ದೇಶದಲ್ಲಿ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಕ್ಷಯರೋಗ ಗರ್ಭನಾಳ, ಗರ್ಭಕೋಶಗಳನ್ನೂ ತಟ್ಟಬಹುದು. ಕೆಳಹೊಟ್ಟೆಯ ನೋವು, ಮಕ್ಕಳಾಗದಿರುವುದು ಅದರ ಲಕ್ಷಣವೂ ಆಗಬಹುದು. ಗಣಿ ಕಾರ್ಮಿಕರ ಮನೆಗಳಿಗೆ ಸಿಲಿಕೋಸಿಸ್, ಕ್ಷಯ ಹೊಸ ಹೆಸರುಗಳಲ್ಲ. ಮನೆಯಲ್ಲಿ ಯಾರಿಗಾದರೂ ಕ್ಷಯ ಇದ್ದಿದ್ದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು.

ಹಾರ್ಮೋನು ಚಿಕಿತ್ಸೆ ಏನು ಮಾಡುತ್ತದೆ?

ಗರ್ಭಕೋಶದ ಹೊರಗೆ ಬೆಳೆದ ಈ ಅಂಗಾಂಶಕ್ಕೆ ಈಸ್ಟ್ರೋಜನ್ ಎಂಬ ಹಾರ್ಮೋನೇ ಆಹಾರ. ಅಂಡಾಶಯದ ತಿಂಗಳ ಕೆಲಸಕ್ಕೆ ಕೆಲವು ಕಾಲ ವಿರಾಮ ಕೊಟ್ಟು ಆ ಆಹಾರ ಕಡಿಮೆ ಮಾಡಿದರೆ ಅಂಗಾಂಶ ಸೊರಗುತ್ತದೆ, ರಕ್ತಸ್ರಾವ ತಗ್ಗುತ್ತದೆ, ನೋವು ಇಳಿಯುತ್ತದೆ. ಎಲ್ಲ ಹಾರ್ಮೋನು ಚಿಕಿತ್ಸೆಗಳ ತತ್ವವೂ ಇದೇ. ರೂಪಗಳು ಮಾತ್ರ ಹಲವು.

ಪ್ರೊಜೆಸ್ಟೋಜೆನ್ ಮಾತ್ರೆಗಳು: ಈಗ ಹೆಚ್ಚಾಗಿ ಬರೆಯುವುದು ಡೈನೋಜೆಸ್ಟ್, ದಿನಕ್ಕೆ 2 ಮಿಲಿಗ್ರಾಂ, ಬಿಡುವಿಲ್ಲದೆ. ನಾರೆಥಿಸ್ಟೆರಾನ್ ಕೂಡ ಇದೇ ಗುಂಪಿನದು. ಮದುವೆ, ಹಬ್ಬಗಳ ಸಮಯದಲ್ಲಿ ಮುಟ್ಟು ಮುಂದೂಡಲು ಕೆಲವರು ಔಷಧ ಅಂಗಡಿಯಿಂದ ತರುವ ಮಾತ್ರೆ ಅದೇ. ಮೊದಲ ತಿಂಗಳುಗಳಲ್ಲಿ ಆಗಾಗ ರಕ್ತ ಕಾಣಿಸಿಕೊಳ್ಳುವುದು, ತಲೆನೋವು, ತೂಕ ಹೆಚ್ಚುವುದು, ಮನಸ್ಸು ಕುಗ್ಗುವುದು ಇದರ ಅಡ್ಡಪರಿಣಾಮಗಳು. ಹೆದರಿ ನಡುವೆ ಬಿಡುವ ಬದಲು ವೈದ್ಯರಿಗೆ ತಿಳಿಸಬೇಕು.

ಎರಡು ಹಾರ್ಮೋನುಗಳ ಸಂಯುಕ್ತ ಮಾತ್ರೆ: ಇದು ಗರ್ಭನಿರೋಧಕವೆಂದು ಎಲ್ಲರಿಗೂ ಗೊತ್ತಿರುವ ಮಾತ್ರೆ. ನೋವಿಗೂ ಕೊಡುತ್ತಾರೆ. ಅಧಿಕ ರಕ್ತದೊತ್ತಡ, ಕಣ್ಣು ಮಂಜಾಗಿ ಬರುವ ಅರೆತಲೆನೋವು, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ ಇದು ಸಲ್ಲದು.

ಜಿಎನ್‌ಆರ್‌ಎಚ್ ಚುಚ್ಚುಮದ್ದು: ಲ್ಯೂಪ್ರೊಲೈಡ್ ಮುಂತಾದವು, ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ. ಇವು ದೇಹವನ್ನು ತಾತ್ಕಾಲಿಕವಾಗಿ ಮುಟ್ಟು ನಿಂತ ವಯಸ್ಸಿನ ಸ್ಥಿತಿಗೆ ತರುತ್ತವೆ. ಮೈ ಬಿಸಿಯೇರುವುದು, ಬೆವರುವುದು, ನಿದ್ದೆ ಕೆಡುವುದು ಸಾಮಾನ್ಯ. ಮೂಳೆ ಸವೆಯುವ ಭಯ ಇರುವುದರಿಂದ ಸಾಮಾನ್ಯವಾಗಿ ಆರು ತಿಂಗಳಿಗೆ ಸೀಮಿತಗೊಳಿಸುತ್ತಾರೆ, ಇಲ್ಲವೇ ಜೊತೆಗೆ ಅಲ್ಪ ಪ್ರಮಾಣದ ಹಾರ್ಮೋನು ಕೊಡುತ್ತಾರೆ. ಹಿಂದೆ ಬಳಕೆಯಲ್ಲಿದ್ದ ಡಾನಜಾಲ್ ಮಾತ್ರೆಯಿಂದ ಮುಖದಲ್ಲಿ ಕೂದಲು ಬೆಳೆಯುವುದು, ಧ್ವನಿ ಗಡಸಾಗುವುದು ಮುಂತಾದ ತೊಂದರೆಗಳಿದ್ದುದರಿಂದ ಈಗ ಅದು ವಿರಳ.

ಮೂರು ತಿಂಗಳಿಗೊಮ್ಮೆ ಕೊಡುವ ಡಿಎಂಪಿಎ ಚುಚ್ಚುಮದ್ದು: ಸರ್ಕಾರಿ ಆಸ್ಪತ್ರೆಗಳಲ್ಲಿ 'ಅಂತರಾ' ಹೆಸರಿನಲ್ಲಿ ಕುಟುಂಬ ಯೋಜನೆಗೆ ಕೊಡುವುದು ಇದನ್ನೇ. ನೋವು ತಗ್ಗಿಸಲೂ ಇದು ಕೆಲಸ ಮಾಡುತ್ತದೆ. ಆದರೆ ಕೊನೆಯ ಚುಚ್ಚುಮದ್ದಿನ ನಂತರ ಗರ್ಭ ಧರಿಸುವ ಶಕ್ತಿ ಮರಳಲು ಹಲವು ತಿಂಗಳು ಬೇಕು. ಆದ್ದರಿಂದ ಬೇಗ ಮಗು ಬಯಸುವವರಿಗೆ ಇದು ತಕ್ಕದ್ದಲ್ಲ. ಯಾವ ಚುಚ್ಚುಮದ್ದು ಎಂದು ಹೆಸರು ಕೇಳಿ ಬರೆಸಿಕೊಳ್ಳುವುದು ಇದಕ್ಕಾಗಿಯೇ ಮುಖ್ಯ.

"ಗರ್ಭಕೋಶ ತೆಗೆಸಿಬಿಡಿ, ಕಾಟ ತಪ್ಪುತ್ತದೆ" ಎಂಬ ಸಲಹೆಯನ್ನು ಮಗು ಬಯಸುವವರು ಕೇಳಿ ಸುಮ್ಮನಾಗಬಾರದು. ಈ ರೋಗ ಇರುವುದೇ ಗರ್ಭಕೋಶದ ಹೊರಗೆ. ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ.

ಮಗುವಿನ ಚಿಕಿತ್ಸೆಗೆ ಮೊದಲು ಇದು ಯಾಕೆ?

ಪತ್ರದ ಎರಡನೆಯ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿರಲಿ. ಹಾರ್ಮೋನು ಚಿಕಿತ್ಸೆ ನೋವಿಗೆ ಔಷಧ. ಬಂಜೆತನಕ್ಕೆ ಔಷಧ ಅಲ್ಲ. ಮಾತ್ರೆ ನಡೆಯುತ್ತಿರುವಾಗ ಸಾಮಾನ್ಯವಾಗಿ ಗರ್ಭ ನಿಲ್ಲುವುದಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಮುಟ್ಟು ಮರಳುತ್ತದೆ. ಡೈನೋಜೆಸ್ಟ್ ಆದರೆ ಹೆಚ್ಚಿನವರಿಗೆ ಒಂದೆರಡು ತಿಂಗಳಲ್ಲೇ. ಆಗ ಗರ್ಭ ಧರಿಸುವ ಅವಕಾಶ ಮೊದಲು ಎಷ್ಟಿತ್ತೋ ಅಷ್ಟೇ ಇರುತ್ತದೆ. ಮಾತ್ರೆ ಅದನ್ನು ಹಾಳು ಮಾಡುವುದೂ ಇಲ್ಲ, ಹೆಚ್ಚಿಸುವುದೂ ಇಲ್ಲ. ಆದ್ದರಿಂದ ಗರ್ಭಧಾರಣೆ ಹೆಚ್ಚಿಸಲೆಂದೇ ಅಂಡಾಶಯಕ್ಕೆ ವಿರಾಮ ಕೊಡುವ ಚಿಕಿತ್ಸೆ ಕೊಡಬಾರದು ಎಂದು ತಜ್ಞರ ಮಾರ್ಗಸೂಚಿ ಹೇಳುತ್ತದೆ.

ಹಾಗಾದರೆ ವೈದ್ಯರು ಆರು ತಿಂಗಳು ಯಾಕೆ ಬರೆದರು? ಕಾರಣಗಳಿರಬಹುದು. ನೋವಿನಿಂದ ದಾಂಪತ್ಯ ಸಂಬಂಧವೇ ಸಾಧ್ಯವಾಗದಿದ್ದರೆ ಮೊದಲು ನೋವು ತಗ್ಗಬೇಕು. ರಕ್ತಹೀನತೆ ಇದ್ದರೆ ದೇಹ ಸುಧಾರಿಸಿಕೊಳ್ಳಬೇಕು. ಶಸ್ತ್ರಚಿಕಿತ್ಸೆಯ ನಂತರ ದಂಪತಿ ಕೂಡಲೇ ಮಗುವಿಗೆ ಪ್ರಯತ್ನಿಸುವ ಸ್ಥಿತಿಯಲ್ಲಿಲ್ಲದಿದ್ದರೆ ನೋವು ಮರಳದಂತೆ ಮಾತ್ರೆ ಕೊಡುವುದುಂಟು. ಮುಂದಿನ ಪರೀಕ್ಷೆಗಳಿಗೆ ಹಣ ಹೊಂದಿಸಲು, ರಜೆ ಪಡೆಯಲು ಕಾಲ ಬೇಕಾಗಿದ್ದರೆ ಆ ಅವಧಿಯನ್ನು ನೋವಿಲ್ಲದೆ ಕಳೆಯಬಹುದು. ಇವೆಲ್ಲ ನ್ಯಾಯವಾದ ಕಾರಣಗಳೇ.

ಆದರೆ ಸಮಯಕ್ಕೂ ಬೆಲೆಯಿದೆ. 26 ವರ್ಷದವರಿಗೆ ಆರು ತಿಂಗಳು ಕಾಯುವುದು ದೊಡ್ಡ ವಿಷಯವಲ್ಲ. 36 ವರ್ಷದವರಿಗೆ ಅದು ದೊಡ್ಡದೇ. 35ರ ನಂತರ ಅಂಡಾಣುಗಳ ಸಂಖ್ಯೆ, ಗುಣಮಟ್ಟ ಬೇಗ ಇಳಿಯುತ್ತವೆ. ಹಾಗಾಗಿ "ಮಾತ್ರೆ ಎಷ್ಟು ತಿಂಗಳು, ಯಾವ ದಿನ ನಿಲ್ಲಿಸುವುದು, ಮರುದಿನದಿಂದ ಏನು?" ಎಂಬುದು ಮೊದಲ ದಿನವೇ ತೀರ್ಮಾನವಾಗಿರಬೇಕು. ಕೊನೆ ದಿನಾಂಕವಿಲ್ಲದ ಮಾತ್ರೆ ಮಗು ಬಯಸುವವರಿಗೆ ಒಳ್ಳೆಯದಲ್ಲ.

ಮಾತ್ರೆ ನಿಲ್ಲಿಸಿದ ಮೇಲೆ ನೋವು ಮರಳಬಹುದು. ಮಗುವಿಗಾಗಿ ಪ್ರಯತ್ನಿಸುವ ತಿಂಗಳುಗಳಲ್ಲಿ ಹಾರ್ಮೋನು ಇಲ್ಲದ ಉಪಾಯಗಳೇ ಆಸರೆ: ಬಿಸಿನೀರಿನ ಚೀಲ, ವ್ಯಾಯಾಮ, ಫಿಸಿಯೋಥೆರಪಿ, ವೈದ್ಯರು ಹೇಳಿದ ನೋವಿನ ಮಾತ್ರೆ. ಐಬುಪ್ರೊಫೇನ್, ಮೆಫೆನಾಮಿಕ್ ಆಮ್ಲದಂತಹ ಮಾತ್ರೆಗಳನ್ನು ಬರಿಹೊಟ್ಟೆಯಲ್ಲಿ ನುಂಗಬಾರದು. ಮೆಫೆನಾಮಿಕ್ ಆಮ್ಲದಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದೆಂದು 2023ರಲ್ಲಿ ಭಾರತೀಯ ಔಷಧ ಸಂಹಿತೆ ಆಯೋಗ ಎಚ್ಚರಿಸಿತು. ಮೈಮೇಲೆ ದದ್ದು, ಜ್ವರ ಕಂಡರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಇಂತಹ ಮಾತ್ರೆಗಳು ಅಂಡಾಣು ಹೊರಬರುವುದಕ್ಕೂ ಅಡ್ಡಿಯಾಗಬಹುದು. ಆದ್ದರಿಂದ ತಿಂಗಳ ನಡುಭಾಗದಲ್ಲಿ ಬಳಸುವ ಮೊದಲು ಕೇಳಿಕೊಳ್ಳುವುದು ಒಳಿತು.

ಮುಂದಿನ ಹೆಜ್ಜೆಗಳಲ್ಲಿ ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆ ಒಂದು. ರೋಗ ಸಣ್ಣ ಪ್ರಮಾಣದಲ್ಲಿದ್ದರೆ ಅದನ್ನು ತೆಗೆದ ನಂತರ ಸಹಜವಾಗಿ ಗರ್ಭ ನಿಲ್ಲುವ ಅವಕಾಶ ಸ್ವಲ್ಪ ಹೆಚ್ಚುತ್ತದೆ. ಆದರೆ ಅಂಡಾಶಯದ ಚಾಕೊಲೇಟ್ ಸಿಸ್ಟ್ ತೆಗೆಯುವಾಗ ಒಳ್ಳೆಯ ಅಂಡಾಣುಗಳೂ ನಷ್ಟವಾಗಬಹುದು. ಅದನ್ನು ಮೊದಲೇ ಕೇಳಿ ತಿಳಿಯಬೇಕು. ಅಂಡಾಣು ಬಿಡುಗಡೆಗೆ ನೆರವಾಗುವ ಔಷಧಗಳು ಇನ್ನೊಂದು ದಾರಿ. ಐವಿಎಫ್ ಅಂದರೆ ಪ್ರನಾಳ ಶಿಶು ವಿಧಾನಕ್ಕೆ ಮೊದಲು ಮೂರರಿಂದ ಆರು ತಿಂಗಳು ಜಿಎನ್‌ಆರ್‌ಎಚ್ ಚುಚ್ಚುಮದ್ದು ಕೊಡುವ ಪದ್ಧತಿ ಬಹುಕಾಲ ಇತ್ತು. ಅದರ ಲಾಭ ಖಚಿತವಲ್ಲ ಎಂದು 2019ರ ಅಧ್ಯಯನ ವಿಮರ್ಶೆಯೊಂದು ತೋರಿಸಿತು. 2022ರ ಯುರೋಪಿನ ಮಾರ್ಗಸೂಚಿ ಅದನ್ನು ಎಲ್ಲರಿಗೂ ರೂಢಿಯಾಗಿ ಕೊಡಬಾರದು ಎಂದಿತು. ಹೀಗಾಗಿ ಯಾರಾದರೂ ಅದನ್ನು ಸೂಚಿಸಿದರೆ ನನಗೆ ವಿಶೇಷ ಕಾರಣ ಏನು ಎಂದು ಕೇಳುವ ಹಕ್ಕು ರೋಗಿಗಿದೆ.

ಇದು ಪಾಪವೇ?

ಅಲ್ಲ. ಇದನ್ನು ಧರ್ಮಗುರುಗಳಾದ ನಾವೇ ಗಟ್ಟಿಯಾಗಿ ಹೇಳಬೇಕು.

ಸಂತ ಆರನೇ ಪೌಲರು 1968ರ ಜುಲೈ 25ರಂದು ಹೊರಡಿಸಿದ 'ಹುಮಾನೆ ವಿತೆ' ವಿಶ್ವಪತ್ರ ಕೃತಕ ಗರ್ಭನಿರೋಧವನ್ನು ಒಪ್ಪುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅದೇ ಪತ್ರದ 15ನೇ ಪರಿಚ್ಛೇದವನ್ನು ಓದಿದವರು ಕಡಿಮೆ. ದೇಹದ ರೋಗ ವಾಸಿಮಾಡಲು ಅಗತ್ಯವಾದ ಚಿಕಿತ್ಸೆಯಿಂದ ಗರ್ಭಧಾರಣೆಗೆ ಅಡ್ಡಿಯಾಗುತ್ತದೆಂದು ಮೊದಲೇ ತಿಳಿದಿದ್ದರೂ, ಆ ಅಡ್ಡಿಯನ್ನೇ ನೇರವಾಗಿ ಬಯಸದಿದ್ದರೆ ಅಂತಹ ಚಿಕಿತ್ಸೆ ತಪ್ಪಲ್ಲ ಎಂದು ಅಲ್ಲಿ ಬೋಧಿಸಲಾಗಿದೆ. ಒಂದೇ ಮಾತ್ರೆ, ಉದ್ದೇಶ ಬೇರೆ. ನೋವಿನಿಂದ ನರಳುವ ಹೆಣ್ಣುಮಗಳು ಅದನ್ನು ನುಂಗುವುದು ರೋಗಕ್ಕಾಗಿ. ಅವಳು ಮಗುವನ್ನು ತಡೆಯುತ್ತಿಲ್ಲ, ಮಗುವಿಗಾಗಿಯೇ ಕಾಯುತ್ತಿದ್ದಾಳೆ. ಇದಕ್ಕಾಗಿ ಪರಮಪ್ರಸಾದದಿಂದ ದೂರವಿರಬೇಕಾಗಿಲ್ಲ, ಯಾರ ಅನುಮತಿಯನ್ನೂ ಬೇಡಬೇಕಾಗಿಲ್ಲ.

2008ರಲ್ಲಿ ವ್ಯಾಟಿಕನ್ನಿನ ವಿಶ್ವಾಸ ಬೋಧನಾ ಮಂಡಳಿ ಹೊರಡಿಸಿದ 'ದಿಗ್ನಿತಾಸ್ ಪೆರ್ಸೋನೆ' ಎಂಬ ದಾಖಲೆ ಈ ರೋಗದ ಹೆಸರನ್ನೇ ಎತ್ತಿ ಹೇಳಿದೆ. ಬಂಜೆತನಕ್ಕೆ ಹಾರ್ಮೋನು ಚಿಕಿತ್ಸೆ, ಎಂಡೊಮೆಟ್ರಿಯೋಸಿಸ್‌ಗೆ ಶಸ್ತ್ರಚಿಕಿತ್ಸೆ, ಮುಚ್ಚಿದ ಗರ್ಭನಾಳ ಸರಿಪಡಿಸುವುದು, ಇವೆಲ್ಲ ಸಹಜ ಗರ್ಭಧಾರಣೆಯ ಅಡ್ಡಿ ನಿವಾರಿಸುವ ಕ್ರಮಗಳಾದ್ದರಿಂದ ಒಪ್ಪತಕ್ಕವು ಎಂದು ಅದರ 13ನೇ ಪರಿಚ್ಛೇದದಲ್ಲಿದೆ.

ಧರ್ಮಸಭೆ ಒಪ್ಪದಿರುವುದು ದಂಪತಿಗಳ ಪ್ರೇಮಮಿಲನದ ಜಾಗವನ್ನು ಪ್ರಯೋಗಾಲಯ ತೆಗೆದುಕೊಳ್ಳುವುದನ್ನು. 1987ರ 'ದೋನುಮ್ ವಿತೆ' ಬೋಧನೆಯಂತೆ ಐವಿಎಫ್‌ಗೆ ಸಮ್ಮತಿಯಿಲ್ಲ. ಅದರಲ್ಲಿ ಉಳಿದ ಭ್ರೂಣಗಳನ್ನು ಹೆಪ್ಪುಗಟ್ಟಿಸಿಡುವುದು, ನಾಶಪಡಿಸುವುದು ಇನ್ನೂ ಗಂಭೀರ ವಿಷಯ. ಸಾಮಾನ್ಯವಾಗಿ ಮಾಡುವ ಐಯುಐ ವಿಧಾನಕ್ಕೂ ಇದೇ ಆಕ್ಷೇಪವಿದೆ; ದಾಂಪತ್ಯ ಮಿಲನಕ್ಕೆ ಬದಲಿಯಾಗದೆ ಅದಕ್ಕೆ ನೆರವಾಗುವ ಕ್ರಮಕ್ಕೆ ಮಾತ್ರ ಅವಕಾಶ. ಇದು ಕಠಿಣ ಬೋಧನೆ ಎಂಬುದನ್ನು ನಾನು ಬಲ್ಲೆ. ಹಂಬಲಿಸುವ ದಂಪತಿಯ ಮುಂದೆ ಇದನ್ನು ಹೇಳುವಾಗ ಧರ್ಮಗುರುವಿನ ನಾಲಿಗೆಯೂ ತಡವರಿಸುತ್ತದೆ. ಒಂದು ಮಾತಂತೂ ಮರೆಯಬಾರದು: ಯಾವ ವಿಧಾನದಿಂದ ಹುಟ್ಟಿದರೂ ಮಗು ದೇವರ ವರವೇ. ಅಂತಹ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಬೆರಳು ತೋರಿಸಿ ಮಾತನಾಡುವ ಹಕ್ಕು ಯಾರಿಗೂ ಇಲ್ಲ.

ಚಿಕಿತ್ಸೆ ಫಲಿಸದಿದ್ದರೆ ದತ್ತು ಸ್ವೀಕಾರದ ದಾರಿಯೂ ತೆರೆದಿದೆ. 2015ರ ಬಾಲನ್ಯಾಯ ಕಾಯ್ದೆಯಡಿ ಕ್ರೈಸ್ತ ದಂಪತಿಗಳೂ ಕೇಂದ್ರ ದತ್ತು ಸ್ವೀಕಾರ ಪ್ರಾಧಿಕಾರದ ಮೂಲಕ ಕಾನೂನುಬದ್ಧವಾಗಿ ದತ್ತು ಪಡೆಯಬಹುದು. ಪರಿಚಯದವರ ಮೂಲಕ ಮಗು ಕೊಡಿಸುತ್ತೇವೆ ಎನ್ನುವವರನ್ನು ನಂಬಬಾರದು.

ವೈದ್ಯರ ಬಳಿ ಕೇಳಬೇಕಾದ ಪ್ರಶ್ನೆಗಳು

ಸಾಧ್ಯವಾದರೆ ಗಂಡ ಹೆಂಡತಿ ಒಟ್ಟಿಗೆ ಹೋಗಿ. ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

1. ಈ ಔಷಧದ ಹೆಸರೇನು, ಎಷ್ಟು ತಿಂಗಳು, ಯಾವಾಗ ನಿಲ್ಲಿಸುವುದು?
2. ನಿಲ್ಲಿಸಿದ ಮೇಲೆ ಗರ್ಭ ಧರಿಸಲು ಎಷ್ಟು ಸಮಯ ಬೇಕು?
3. ನನ್ನ ವಯಸ್ಸಿಗೆ ಕಾಯುವುದು ಸರಿಯೇ, ಮೊದಲು ಮಗುವಿಗೆ ಪ್ರಯತ್ನಿಸುವುದು ಸರಿಯೇ?
4. ಗಂಡನ ಪರೀಕ್ಷೆ ಆಗಿದೆಯೇ? ಮಕ್ಕಳಾಗದಿರಲು ಕಾರಣ ಗಂಡನಲ್ಲೂ ಇರಬಹುದು. ಹೆಂಡತಿಗೆ ಆರು ತಿಂಗಳು ಔಷಧ ಕೊಡುವ ಮೊದಲೇ ಇದು ತಿಳಿಯಬೇಕು.
5. ಕ್ಷಯ ಇಲ್ಲವೆಂದು ನೋಡಲಾಗಿದೆಯೇ?
6. ಇದೇ ಔಷಧ ಕಡಿಮೆ ಬೆಲೆಗೆ ಜನೌಷಧಿ ಕೇಂದ್ರದಲ್ಲಿ ಸಿಗುತ್ತದೆಯೇ?
7. ನಮ್ಮ ವಿಶ್ವಾಸದ ಪ್ರಕಾರ ಐವಿಎಫ್ ಬೇಡವೆಂದರೆ ಉಳಿದ ದಾರಿಗಳು ಯಾವುವು?

ಗಣಿ ಪ್ರದೇಶ, ಬಂಗಾರಪೇಟೆಯವರಿಗೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ ಹತ್ತಿರದವು. ಬೆಂಗಳೂರಿನಲ್ಲಿ ಸರ್ಕಾರಿ ವಾಣಿವಿಲಾಸ ಆಸ್ಪತ್ರೆ, ಕ್ರೈಸ್ತ ಸಂಸ್ಥೆಗಳಾದ ಸೇಂಟ್ ಜಾನ್ಸ್, ಸೇಂಟ್ ಮಾರ್ಥಾಸ್ ಆಸ್ಪತ್ರೆಗಳಿವೆ. ಕರಾವಳಿಯವರಿಗೆ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ, ಲೇಡಿ ಗೋಷನ್ ಆಸ್ಪತ್ರೆಗಳು ಪರಿಚಿತವೇ. ಬಿಪಿಎಲ್ ಕಾರ್ಡು, ಇಎಸ್‌ಐ ಕಾರ್ಡು ಇದ್ದವರು ಶಸ್ತ್ರಚಿಕಿತ್ಸೆಗೆ ಮೊದಲು ಸೌಲಭ್ಯ ವಿಚಾರಿಸಬೇಕು.

ಧರ್ಮಕೇಂದ್ರಗಳಲ್ಲಿ ನಾವು ಮಾಡಬಹುದಾದದ್ದು

ವಿವಾಹಪೂರ್ವ ಶಿಬಿರಗಳಲ್ಲಿ ಈ ರೋಗದ ಬಗ್ಗೆ ಹತ್ತು ನಿಮಿಷ ಮೀಸಲಿಡಬಹುದು. ಸ್ತ್ರೀ ಸಂಘಟನೆ, ಕಿರು ಕ್ರೈಸ್ತ ಸಮುದಾಯಗಳ ಸಭೆಗೆ ಸ್ತ್ರೀರೋಗ ತಜ್ಞರನ್ನೋ ಆಸ್ಪತ್ರೆಯಲ್ಲಿ ಸೇವೆ ಮಾಡುವ ಧರ್ಮಭಗಿನಿಯರನ್ನೋ ಕರೆಸಬಹುದು. ಶಾಲೆಗಳಲ್ಲಿ ಪ್ರತಿ ತಿಂಗಳು ಒಂದೇ ಸಮಯಕ್ಕೆ ಗೈರುಹಾಜರಾಗುವ ಹುಡುಗಿಯನ್ನು ಗದರಿಸುವ ಮೊದಲು ಶಿಕ್ಷಕಿಯರು ಕಾರಣ ಕೇಳಬಹುದು. ಮದುವೆಯಾಗಿ ವರ್ಷ ಕಳೆದವರನ್ನು ಬಲಿಪೂಜೆ ಮುಗಿದು ಅಂಗಳದಲ್ಲಿ ನಿಂತಾಗ "ಏನೂ ವಿಶೇಷ ಇಲ್ಲವಾ?" ಎಂದು ಕೇಳುವ ಅಭ್ಯಾಸವನ್ನು ನಾವೆಲ್ಲರೂ ಬಿಡಬಹುದು. ಇದಕ್ಕೆ ಖರ್ಚಿಲ್ಲ.

ಪವಿತ್ರ ಗ್ರಂಥದಲ್ಲಿ ಹನ್ನಳ ಕಥೆಯಿದೆ. ಮಕ್ಕಳಿಲ್ಲದ ದುಃಖದಲ್ಲಿ ಅವಳು ದೇವಾಲಯದಲ್ಲಿ ತುಟಿ ಮಾತ್ರ ಅಲ್ಲಾಡಿಸುತ್ತ ಪ್ರಾರ್ಥಿಸುತ್ತಿದ್ದಾಗ ಯಾಜಕನಾದ ಏಲಿ ಅವಳು ಕುಡಿದಿದ್ದಾಳೆಂದು ಭಾವಿಸಿ ಗದರಿದನು. ಅವಳು ತನ್ನ ಸಂಕಟ ವಿವರಿಸಿದ ಮೇಲೆ ತಪ್ಪು ತಿಳಿದು ಆಶೀರ್ವದಿಸಿ ಕಳುಹಿಸಿದನು. ಯಾಜಕರೂ ತಪ್ಪು ತಿಳಿಯಬಹುದು; ಕೇಳಿಸಿಕೊಂಡ ಮೇಲೆ ತಿದ್ದಿಕೊಳ್ಳಬೇಕು. ಸಿರಾಖನ ಗ್ರಂಥದ 38ನೇ ಅಧ್ಯಾಯದಲ್ಲಿ ವೈದ್ಯನನ್ನು ಗೌರವಿಸಬೇಕು, ಔಷಧವನ್ನು ಭೂಮಿಯಿಂದ ಉಂಟುಮಾಡಿದವನು ದೇವರೇ ಎಂಬ ಬೋಧನೆಯಿದೆ. ಪ್ರಾರ್ಥನೆಗೂ ಮಾತ್ರೆಗೂ ಜಗಳವಿಲ್ಲ.

ಬಂಗಾರಪೇಟೆಯ ಸಹೋದರಿಗೆ ನಾನು ಬರೆದ ಉತ್ತರ ಚಿಕ್ಕದು. ಈ ಮಾತ್ರೆ ಪಾಪವಲ್ಲ. ಇದು ನಿಮ್ಮ ನೋವಿಗೆ. ಮಗುವಿಗೆ ಬೇರೆ ಯೋಜನೆ ಬೇಕು. ಎರಡು ತಿಂಗಳು ಕಳೆದಿರುವುದರಿಂದ ಬೀರುವಿನಲ್ಲಿರುವ ಪೊಟ್ಟಣವನ್ನು ಹಾಗೆಯೇ ತೆಗೆದು ನುಂಗಬೇಡಿ. ಅದನ್ನು ಕೈಯಲ್ಲಿ ಹಿಡಿದು ಗಂಡನೊಂದಿಗೆ ವೈದ್ಯರ ಬಳಿ ಹೋಗಿ, ಮೇಲಿನ ಏಳು ಪ್ರಶ್ನೆ ಕೇಳಿ. ಸಾಧ್ಯವಾದರೆ ಅತ್ತೆಯನ್ನೂ ಕರೆದುಕೊಂಡು ಹೋಗಿ. ವೈದ್ಯರ ಬಾಯಿಂದಲೇ ಕೇಳಿದರೆ ಅವರ ಭಯವೂ ಕಡಿಮೆಯಾದೀತು. ನಿಮಗಾಗಿ ನಾವು ಪ್ರಾರ್ಥಿಸುತ್ತೇವೆ.

ಓದುಗರೆಲ್ಲರೂ ತಮ್ಮ ಪ್ರಾರ್ಥನೆಯಲ್ಲಿ ಈ ಕುಟುಂಬವನ್ನೂ, ಹೇಳಿಕೊಳ್ಳಲಾಗದೆ ನೋವು ಅನುಭವಿಸುತ್ತಿರುವ ಎಲ್ಲ ಸಹೋದರಿಯರನ್ನೂ ನೆನಪಿಸಿಕೊಳ್ಳಬೇಕೆಂದು ವಿನಂತಿಸುತ್ತೇನೆ.